ಡಾಲ್ಮೇಷನ್ ಮರಿಗಳು ಸದ್ದಿಗೆ ಅಲ್ಲಾಡ್ತಾನೇ ಇಲ್ಲ, ಕಿವುಡಾ?

ಚುಕ್ಕೆಮನೆ:
ಎಲ್ರಿಗೂ ನಮಸ್ಕಾರ. ನಮ್ಮ ಡಾಲ್ಮೇಷನ್ ನಾಯಿ (ಬಿಳಿ ಮೈ ಮೇಲೆ ಚುಕ್ಕೆ ಇರೋ ತಳಿ) ಮರಿ ಹಾಕಿ 10 ದಿನ ಆಯ್ತು, ಪಕ್ಕದಲ್ಲೇ ಸ್ಟೀಲ್ ತಟ್ಟೆ ಬಡಿದ್ರೂ ಒಂದು ಮರೀನೂ ತಿರುಗಿ ನೋಡಲ್ಲ, ಈ ತಳೀಲಿ ಕಿವುಡು ಜಾಸ್ತಿ ಅಂತ ಬೇರೆ ಹೇಳ್ತಾರೆ. ನಮ್ಮತ್ತೆ ಕಿವಿಗೆ ಬೆಚ್ಚಗೆ ಕೊಬ್ಬರಿ ಎಣ್ಣೆ ಬಿಡು ಅಂತಿದಾರೆ. ಬಿಡ್ಲಾ?

ನಾಯಿಪಾಡು:
ಎಣ್ಣೆಗಿಣ್ಣೆ ಏನೂ ಬೇಡ ಸರ್. 10 ದಿನಕ್ಕೆ ಯಾವ ನಾಯಿಮರೀಗೂ ಸರಿಯಾಗಿ ಕೇಳಿಸಲ್ಲ, ಕಿವಿ ತೂತೇ ಮುಚ್ಕೊಂಡಿರುತ್ತೆ, ಹೆಚ್ಚುಕಮ್ಮಿ 14 ದಿನಕ್ಕೆ ತೆರ್ಕೊಳ್ಳೋದು. ತೆರೆದ ತಕ್ಷಣ ಎಲ್ಲಾ ಮುಗೀತು ಅಂತಲ್ಲ, ಕಿವಿಯಿಂದ ಮೆದುಳಿಗೆ ಹೋಗೋ ನರಗಳ ಮೇಲೆ ಮೈಲಿನ್ ಅನ್ನೋ ಹೊದಿಕೆ ಪದರ ಇನ್ನೂ ಕಟ್ತಾ ಇರುತ್ತೆ, ಅದಕ್ಕೇ ಶುರುವಲ್ಲಿ ಸಿಗ್ನಲ್ ತಡವಾಗಿ ಹೋಗುತ್ತೆ, ವಾರ ಕಳೆದ ಹಾಗೆ ಚುರುಕಾಗುತ್ತೆ.

ಚುಕ್ಕೆಮನೆ:
ಅಬ್ಬಾ, ಉಸಿರು ಬಂತು. ಹಾಗಾದ್ರೆ ಮೂರು ವಾರಕ್ಕೆ ಚಪ್ಪಾಳೆ ಹೊಡೆದು ನೋಡಿದ್ರೆ ಗೊತ್ತಾಗುತ್ತಾ?

ನಾಯಿಪಾಡು:
ಡಾಲ್ಮೇಷನ್‌ನಲ್ಲಿ ಎಡವಟ್ಟು ಇರೋದೇ ಅಲ್ಲಿ. ಹುಟ್ಟುಕಿವುಡು ಅಂತೀವಲ್ಲ, ಅದ್ರಲ್ಲೂ ಒಳಕಿವಿ ಮೊದಲು ಸರಿಯಾಗೇ ಬೆಳೆಯುತ್ತೆ, ಕೆಡೋದು ಆಮೇಲೆ. ಒಳಕಿವೀಲಿ ಸ್ಟ್ರಯಾ ಅಂತ ಒಂದು ಪದರ ಇದೆ, ಅಲ್ಲಿನ ದ್ರವಕ್ಕೆ ಪೊಟ್ಯಾಸಿಯಂ ತುಂಬೋದು ಅದೇ, ಆ ಕೆಲ್ಸಕ್ಕೆ ಬಣ್ಣ ಕೊಡೋ ಕೋಶಗಳು ಬೇಕು. ಮೈ ಬೆಳ್ಳಗಾಗಿಸೋ ಜೀನ್ ಇರೋ ನಾಯೀಲಿ ಕೆಲವು ಸಲ ಆ ಕೋಶಗಳು ಅಲ್ಲಿಗೆ ತಲುಪಿರಲ್ಲ, ಆಗ 3–4 ವಾರದ ಹೊತ್ತಿಗೆ ಪದರ ಸೊರಗಿ ಸದ್ದು ಹಿಡಿಯೋ ಹೇರ್ ಸೆಲ್‌ಗಳೂ ಸಾಯ್ತವೆ. ಅದಕ್ಕೇ ಬಿಎಇಆರ್ ಟೆಸ್ಟ್, ಅಂದ್ರೆ ಸದ್ದಿಗೆ ಮೆದುಳು ಸ್ಪಂದಿಸುತ್ತಾ ಅಂತ ನೋಡೋ ಪರೀಕ್ಷೆ, 5 ವಾರ ತುಂಬಿದ್ಮೇಲೇ ಮಾಡೋದು. ತಲೆ ಚರ್ಮಕ್ಕೆ ಸಣ್ಣ ಸೂಜಿ ಎಲೆಕ್ಟ್ರೋಡ್ ಚುಚ್ಚಿ ಒಂದೊಂದೇ ಕಿವಿಗೆ ಟಿಕ್ ಟಿಕ್ ಸದ್ದು ಕೊಡ್ತಾರೆ, ಕೇಳೋ ಕಿವಿ ಆದ್ರೆ ಗ್ರಾಫಲ್ಲಿ ಅಲೆ ಏಳುತ್ತೆ, ಕಿವುಡಾದ್ರೆ ಗೆರೆ ಮಟ್ಟಸ. ಅಮೆರಿಕದಲ್ಲಿ ಟೆಸ್ಟ್ ಮಾಡಿದ ಡಾಲ್ಮೇಷನ್‌ಗಳಲ್ಲಿ ಸುಮಾರು 8% ಎರಡೂ ಕಿವಿ ಕೇಳದವು, 22% ಒಂದು ಕಿವಿ ಮಾತ್ರ ಕೇಳದವು. ಈ ಒಂದು ಕಿವಿಯವು ಇದಾವಲ್ಲ, ಚಪ್ಪಾಳೆಗೆ ಆರಾಮಾಗಿ ತಿರುಗ್ತವೆ, ಮನೇಲಿ ಸಿಕ್ಕಿಬೀಳಲ್ಲ.

ಮಲ್ನಾಡ್_ಪೆಟ್ಸ್:
ಟೆಸ್ಟ್ ಆಗೋವರೆಗೂ ಮನೇಲಿ ನೋಡೋದಾದ್ರೆ ಒಂದೊಂದೇ ಮರೀನ ಬೇರೆ ರೂಮಿಗೆ ತಗೊಂಡ್ಹೋಗಿ, ಜೊತೇಲಿದ್ರೆ ಕಿವುಡು ಮರಿ ಬೇರೆಯವು ತಿರುಗಿದ ಕಡೆ ತಾನೂ ತಿರುಗುತ್ತೆ. ನೆಲ ಕುಟ್ಟಬೇಡಿ, ಅದುರಿದ್ದು ಕಾಲಿಗೆ ಗೊತ್ತಾಗುತ್ತೆ. ಚಪ್ಪಾಳೆ ಗಾಳಿ ಮೀಸೆಗೆ ತಾಗುತ್ತೆ, ಅದೂ ಬೇಡ. ದೂರ ನಿಂತು ಬೆನ್ನಹಿಂದೆ ಬೀಗದ ಕೈ ಅಲ್ಲಾಡ್ಸಿ, ಅದೂ ಒಂದೆರಡು ಸಲ ಸಾಕು, ಜಾಸ್ತಿ ಆದ್ರೆ ಕೇಳೋ ಮರೀನೂ ಬೇಜಾರಾಗಿ ಸುಮ್ನಿರುತ್ತೆ. ತಾಯಿ ಬಂದಾಗ ಎಲ್ಲಾ ಎದ್ರೂ ಒಂದು ಮಾತ್ರ ಮಲ್ಗೇ ಇದ್ರೆ ಅದರ ಮೇಲೆ ಕಣ್ಣಿಡಿ.

ಚುಕ್ಕೆಮನೆ:
ಓಕೆ. ಒಂದು ಮರಿಗೆ ಹುಟ್ಟಿದಾಗಲೇ ಒಂದು ಕಿವಿ ಪೂರ್ತಿ ಕಪ್ಪು, ಅದೇನಾದ್ರೂ ತೊಂದ್ರೆನಾ?

ನಾಯಿಪಾಡು:
ಅದು ಪ್ಯಾಚ್, ಅಂದ್ರೆ ಹುಟ್ಟಿದಾಗ್ಲೇ ಇರೋ ದೊಡ್ಡ ಬಣ್ಣದ ಮಚ್ಚೆ. ಡಾಗ್ ಶೋಗೆ ನಡೆಯಲ್ಲ ಅಷ್ಟೆ. ಪ್ಯಾಚ್ ಇರೋ ಮರಿಗಳಲ್ಲಿ ಕಿವುಡು ಕಮ್ಮಿ, ನೀಲಿ ಕಣ್ಣಿನವುಗಳಲ್ಲಿ ಜಾಸ್ತಿ. ಮರಿ ಕೊಡೋ ಮುಂಚೆ ಟೆಸ್ಟ್ ಮಾಡ್ಸಿ, ಎಲ್ಲಿ ಮಾಡ್ತಾರೆ ಅಂತ ಬೆಂಗಳೂರು ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ವಿಚಾರಿಸಿ.