ಪದಚರ್ಚೆ: ಇಂಗ್ಲೆಂಡಿನ ‘ಪಾರ್ಕಿಂಗ್ ಚಾರ್ಜ್’ ದಂಡವೇ, ಶುಲ್ಕವೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿರುವ ಕನ್ನಡ ಕುಟುಂಬಗಳಿಗೆಂದು ಒಂದು ಮಾಹಿತಿ ಹಾಳೆ ಸಿದ್ಧವಾಗುತ್ತಿದೆ. ಸೂಪರ್‌ಮಾರ್ಕೆಟ್, ಜಿಮ್, ಆಸ್ಪತ್ರೆಗಳ ಪಾರ್ಕಿಂಗ್ ಜಾಗವನ್ನು ಖಾಸಗಿ ಕಂಪನಿಗಳು ನೋಡಿಕೊಳ್ಳುತ್ತವೆ. ಅಲ್ಲಿ ಹೊತ್ತು ಮೀರಿದರೆ ಮನೆಗೆ ‘ಪಾರ್ಕಿಂಗ್ ಚಾರ್ಜ್ ನೋಟಿಸ್’ ಬರುತ್ತದೆ. ಅದನ್ನು ಕಟ್ಟಬೇಕೇ, ಪ್ರಶ್ನಿಸಬೇಕೇ ಎಂದು ತೀರ್ಮಾನಿಸುವುದು ಹೇಗೆ ಎಂಬುದೇ ಹಾಳೆಯ ವಿಷಯ.

ಕರಡಿನಲ್ಲಿ ‘ಚಾರ್ಜ್’ಗೆ ‘ದಂಡ’ ಎಂದಿದೆ, ‘ಕೀಪರ್’ಗೆ ‘ಮಾಲೀಕ’ ಎಂದಿದೆ, ‘ಅಪೀಲ್’ಗೆ ಎಲ್ಲ ಕಡೆಯೂ ‘ಮೇಲ್ಮನವಿ’. ‘ಗ್ರೇಸ್ ಪೀರಿಯಡ್’, ‘ಕನ್ಸಿಡರೇಶನ್ ಪೀರಿಯಡ್’ ಎರಡಕ್ಕೂ ‘ಹೆಚ್ಚುವರಿ ಸಮಯ’ ಎಂದೇ ಬರೆದಾಗಿದೆ. ಒಬ್ಬರು ‘ದಂಡ’ದ ಬದಲು ‘ತಪ್ಪುಕಾಣಿಕೆ’ ಸೂಚಿಸಿದ್ದಾರೆ, ತಮಾಷೆಗೋ ಗಂಭೀರವಾಗಿಯೋ ತಿಳಿಯಲಿಲ್ಲ. ಬಲ್ಲವರು ತಿದ್ದಿಕೊಡಬೇಕಾಗಿ ವಿನಂತಿ.

ಉತ್ತರ 1

ಮೊದಲು ‘ದಂಡ’ವನ್ನು ತೆಗೆಯಿರಿ. ದಂಡ ಹಾಕುವುದಕ್ಕೆ ಅಧಿಕಾರ ಬೇಕು. ಸರ್ಕಾರ, ಪಾಲಿಕೆ, ನ್ಯಾಯಾಲಯ ಹಾಕುತ್ತವೆ. ಇಂಗ್ಲೆಂಡಿನಲ್ಲಿ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಕೊಡುವುದು ‘ಪೆನಾಲ್ಟಿ ಚಾರ್ಜ್ ನೋಟಿಸ್’, ಖಾಸಗಿ ಕಂಪನಿ ಕೊಡುವುದು ‘ಪಾರ್ಕಿಂಗ್ ಚಾರ್ಜ್ ನೋಟಿಸ್’. ಎರಡರ ಸಂಕ್ಷೇಪವೂ ‘ಪಿಸಿಎನ್’. ಹಳದಿ ಲಕೋಟೆ, ಕಪ್ಪು ಪಟ್ಟಿ, ದೊಡ್ಡ ಅಕ್ಷರ ಎಲ್ಲ ಒಂದೇ ಥರ ಕಾಣುವುದು ಆಕಸ್ಮಿಕವೇನಲ್ಲ. ಕೌನ್ಸಿಲ್ಲಿನದರ ಮೇಲೆ ಆ ಊರಿನ ಕೌನ್ಸಿಲ್ ಹೆಸರೂ 2004ರ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಕಾಯಿದೆಯ ಉಲ್ಲೇಖವೂ ಇರುತ್ತವೆ. ಅದಕ್ಕೆ ‘ದಂಡ’ ಸರಿಯಾಗಿಯೇ ಒಪ್ಪುತ್ತದೆ.

ಖಾಸಗಿಯದು ಕರಾರಿನ ಹಣ. ಬೋರ್ಡಿನಲ್ಲಿ ಷರತ್ತು ಬರೆದಿದೆ, ಓದಿ ಕಾರು ನಿಲ್ಲಿಸಿದಿರಿ, ಹಾಗಾಗಿ ಒಪ್ಪಿದಿರಿ, ಮುರಿದರೆ ಇಷ್ಟು ಕೊಡಬೇಕು ಎಂಬ ವಾದ. ‘ಶುಲ್ಕ’ ಎಂದರೂ ಕೆಡುತ್ತದೆ. ನಮ್ಮ ಕಡೆ ‘ಪಾರ್ಕಿಂಗ್ ಶುಲ್ಕ’ ಎಂದರೆ ಗೇಟಿನಲ್ಲಿ ಕೊಡುವ ಗಂಟೆ ಲೆಕ್ಕದ ದುಡ್ಡು. ಇಂಗ್ಲೆಂಡಿನ ಮಷಿನ್ನಿಗೆ ಹಾಕುವ ಆ ದುಡ್ಡನ್ನು ಬೇರೆಯಾಗಿ ಹೇಳಲೇಬೇಕಲ್ಲ. ‘ತಪ್ಪುಕಾಣಿಕೆ’ ಚಂದದ ಮಾತು, ಆದರೆ ಅದು ದೇವರಿಗೆ ಒಪ್ಪಿಸುವುದು. ಕಂಪನಿಗಲ್ಲ. ‘ಪಾರ್ಕಿಂಗ್ ಚಾರ್ಜ್’ ಎಂದೇ ಉಳಿಸಿ, ಮೊದಲ ಸಲ ಬಂದಾಗ ‘ಖಾಸಗಿ ಕಂಪನಿ ಕೇಳುವ ಕರಾರು ಹಣ’ ಎಂದು ವಿವರಿಸಿ.

ಇದು ಬರೀ ಪದದ ಮಡಿಯಲ್ಲ. ‘ದಂಡ’ ಎಂದು ಓದಿದವರು ಹೆದರಿ ಅಂದೇ ಕಟ್ಟುತ್ತಾರೆ. ‘ದಂಡ ಅಲ್ಲವಂತೆ’ ಎಂದು ಕೇಳಿದವರು ಕಸದ ಬುಟ್ಟಿಗೆ ಹಾಕುತ್ತಾರೆ. ಎರಡನೆಯದು ಇನ್ನೂ ಅಪಾಯ. 2015ರ ನವೆಂಬರ್ 4ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು ಪಾರ್ಕಿಂಗ್‌ಐ ಎಂಬ ಕಂಪನಿ ಮತ್ತು ಕಾರಿನವರಾದ ಬೀವಿಸ್ ನಡುವಿನ ಮೊಕದ್ದಮೆಯಲ್ಲಿ ಈ ಹಣ ವಸೂಲಿಗೆ ಅರ್ಹ ಎಂದಿತು. ಚೆಲ್ಮ್ಸ್‌ಫರ್ಡ್ ಊರಿನ ಅಂಗಡಿ ಸಂಕೀರ್ಣ, 2 ಗಂಟೆ ಉಚಿತ, 56 ನಿಮಿಷ ಮೀರಿದ್ದಕ್ಕೆ 85 ಪೌಂಡ್. ಭಾರತದ 1872ರ ಕರಾರು ಕಾಯಿದೆಯ 74ನೇ ಕಲಂನಲ್ಲಿ ಕರಾರಿನ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರ. ಅದನ್ನೇ ನೆನೆದು ‘ನಿಮಗೇನು ನಷ್ಟವಾಯಿತು ತೋರಿಸಿ’ ಎಂದು ಬರೆಯುವವರಿದ್ದಾರೆ. ಬೀವಿಸ್ ತೀರ್ಪಿನ ಮುಂದೆ ಆ ವಾದ ನಿಲ್ಲುವುದಿಲ್ಲ. ಆ ಜಾಗದಲ್ಲಿ ಬೋರ್ಡುಗಳು ದೊಡ್ಡದಾಗಿ, ಸ್ಪಷ್ಟವಾಗಿ ಇದ್ದವು ಎಂಬುದೂ ತೀರ್ಪಿಗೆ ಆಧಾರವಾಗಿತ್ತು. ಆದ್ದರಿಂದ ಪ್ರಶ್ನಿಸುವವರು ಬೋರ್ಡಿನ ಫೋಟೋ ತೆಗೆಯಬೇಕು. ಒಳಬರುವ ದಾರಿಯಲ್ಲಿ ಇದೆಯೇ, ಮೊತ್ತ ಓದುವಷ್ಟು ದೊಡ್ಡದಾಗಿದೆಯೇ, ಕಾರು ನಿಂತಿದ್ದು ರಾತ್ರಿಯಾದರೆ ರಾತ್ರಿ ಕಾಣುತ್ತದೆಯೇ, ಇಷ್ಟು ನೋಡಿ.

‘ಕೀಪರ್’ಗೆ ‘ಮಾಲೀಕ’ ದೊಡ್ಡ ತಪ್ಪು. ಭಾರತದ ಮೋಟಾರು ವಾಹನ ಕಾಯಿದೆಯಲ್ಲಿ ಆರ್‌ಸಿಯಲ್ಲಿ ಹೆಸರಿದ್ದವರೇ ಮಾಲೀಕರು. ಇಂಗ್ಲೆಂಡಿನ ವಾಹನ ನೋಂದಣಿ ಪತ್ರವಾದ ವಿ5ಸಿ ಮಾಲೀಕತ್ವಕ್ಕೆ ಪುರಾವೆಯಲ್ಲ, ಅದರಲ್ಲಿರುವುದು ‘ರಿಜಿಸ್ಟರ್ಡ್ ಕೀಪರ್’, ಅಂದರೆ ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರು. ಗೊಂದಲಕ್ಕೆ ಸೇರಿಸಿ, ಕೌನ್ಸಿಲ್ ಕಳಿಸುವ ಪತ್ರದ ಹೆಸರು ‘ನೋಟಿಸ್ ಟು ಓನರ್’, ಖಾಸಗಿಯವರದು ‘ನೋಟಿಸ್ ಟು ಕೀಪರ್’. ‘ನೋಂದಾಯಿತ ಕೀಪರ್’ ಎಂದೇ ಇಡಿ. ಕಂಪನಿ 2.50 ಪೌಂಡ್ ಕೊಟ್ಟು ವಾಹನ ನೋಂದಣಿಯ ಸರ್ಕಾರಿ ಸಂಸ್ಥೆ ಡಿವಿಎಲ್‌ಎಯಿಂದ ಪಡೆಯುವುದು ಇವರ ವಿಳಾಸವನ್ನೇ.

ಕರಾರು ಆಗಿರುವುದು ಕಾರು ಓಡಿಸಿದವರ ಜೊತೆ. ಓಡಿಸಿದವರು ಯಾರೆಂದು ಕಂಪನಿಗೆ ಗೊತ್ತಿಲ್ಲದಿದ್ದರೆ 2012ರ ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಕಾಯಿದೆಯ 4ನೇ ಅನುಸೂಚಿ ಕೀಪರ್ ಮೇಲೆ ಹೊಣೆ ಹೊರಿಸಲು ಬಿಡುತ್ತದೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಾತ್ರ, ಅದೂ ಷರತ್ತಿನ ಮೇಲೆ. ಕ್ಯಾಮೆರಾದಲ್ಲಿ ಸೆರೆಸಿಕ್ಕು ಅಂಚೆಯಲ್ಲಿ ಬಂದ ನೋಟಿಸಾದರೆ ಕಾರು ನಿಂತ ಮರುದಿನದಿಂದ ಎಣಿಸಿ 14 ದಿನದೊಳಗೆ ತಲುಪಿರಬೇಕು. ಅಂಚೆಗೆ ಹಾಕಿದ ನಂತರದ ಎರಡನೇ ಕೆಲಸದ ದಿನ ತಲುಪಿತೆಂದು ಲೆಕ್ಕ. 2025ರ ಮಾರ್ಚ್ 1, ಶನಿವಾರ ಕಾರು ನಿಂತಿದ್ದರೆ ಗಡುವು ಮಾರ್ಚ್ 15. ಪತ್ರ 12ರ ಬುಧವಾರ ಅಂಚೆಗೆ ಬಿದ್ದರೆ 14ಕ್ಕೆ ತಲುಪಿದಂತೆ, ಸಕಾಲ. 13ರ ಗುರುವಾರ ಬಿದ್ದರೆ ಶನಿವಾರ, ಭಾನುವಾರ ದಾಟಿ 17ರ ಸೋಮವಾರ. ತಡವಾಯಿತು, ಕೀಪರ್ ಹೊಣೆ ಹೋಯಿತು. ಗಾಜಿಗೆ ಚೀಟಿ ಅಂಟಿಸಿದ್ದರೆ ಲೆಕ್ಕ ಬೇರೆ: 28 ದಿನ ಕಾದು, ಮುಂದಿನ 28 ದಿನದೊಳಗೆ ಕೀಪರ್‌ಗೆ ನೋಟಿಸ್ ತಲುಪಬೇಕು. ಸ್ವಂತ ಉಪನಿಯಮಗಳಿರುವ ರೈಲು ನಿಲ್ದಾಣ, ವಿಮಾನ ನಿಲ್ದಾಣದ ನೆಲಕ್ಕೆ ಈ ಅನುಸೂಚಿ ಅನ್ವಯಿಸುವುದೇ ಇಲ್ಲ.

ಸಮಯದ ಎರಡು ಪದಗಳನ್ನು ಬೆರೆಸಬೇಡಿ. ಒಳಗೆ ಬಂದು, ಬೋರ್ಡು ಓದಿ, ಇರಬೇಕೋ ಹೋಗಬೇಕೋ ಎಂದು ಯೋಚಿಸಲು ಕೊಡುವುದು ಕನ್ಸಿಡರೇಶನ್ ಪೀರಿಯಡ್, ಕನಿಷ್ಠ 5 ನಿಮಿಷ. ‘ಯೋಚನಾ ಸಮಯ’ ಎನ್ನಬಹುದು. ಅವಧಿ ಮುಗಿದ ಮೇಲೆ ಹೊರಡಲು ಕೊಡುವ 10 ನಿಮಿಷ ಗ್ರೇಸ್ ಪೀರಿಯಡ್, ‘ಹೊರಡುವ ಸಡಿಲಿಕೆ’. ಇವು 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ, ಪಾರ್ಕಿಂಗ್ ಉದ್ಯಮದವರದೇ ನಿಯಮ ಸಂಹಿತೆಯಲ್ಲಿವೆ. ‘ಹೆಚ್ಚುವರಿ ಸಮಯ’ ಎಂದರೆ 15 ನಿಮಿಷ ಪುಕ್ಕಟೆ ಎಂದು ಓದುಗರು ಕೂಡಿಸಿಬಿಡುತ್ತಾರೆ. ನಿಲ್ಲಿಸುವುದೇ ನಿಷಿದ್ಧವಾದ ಕಡೆ ಹೊರಡುವ ಸಡಿಲಿಕೆ ಇಲ್ಲ.

‘ಅಪೀಲ್’ ಎರಡು ಹಂತದ್ದು. ಮೊದಲನೆಯದು ಅದೇ ಕಂಪನಿಗೆ, 28 ದಿನದೊಳಗೆ. ಅದಕ್ಕೆ ‘ತಕರಾರು’ ಸಾಕು. ನಮ್ಮ ಹಕ್ಕು ಬದಲಾವಣೆ ನೋಟಿಸಿನಲ್ಲಿ ಬರುವ ಪದವೇ ಅದು, ಎಲ್ಲರಿಗೂ ಗೊತ್ತು. ಕಂಪನಿ ತಿರಸ್ಕರಿಸಿದ ಮೇಲೆ ಹೊರಗಿನವರ ಮುಂದೆ ಹೋಗುವುದಷ್ಟೇ ‘ಮೇಲ್ಮನವಿ’. ಕಂಪನಿ ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಶನ್ ಸದಸ್ಯನಾದರೆ ಪೋಪ್ಲಾ ಎಂಬ ಮೇಲ್ಮನವಿ ಸೇವೆಗೆ, 28 ದಿನದೊಳಗೆ. ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ ಸದಸ್ಯನಾದರೆ ಐಎಎಸ್ ಎಂಬ ಸೇವೆಗೆ, 21 ದಿನದೊಳಗೆ. (ಐಎಎಸ್ ಎಂದೊಡನೆ ನಮ್ಮವರಿಗೆ ಜಿಲ್ಲಾಧಿಕಾರಿ ನೆನಪಾಗುತ್ತಾರೆ. ಒಂದು ಟಿಪ್ಪಣಿ ಹಾಕಿ.) ಪೋಪ್ಲಾ ತೀರ್ಮಾನಕ್ಕೆ ಕಂಪನಿ ಬದ್ಧ, ಕಾರಿನವರು ಬದ್ಧರಲ್ಲ.

ದುಡ್ಡಿನ ಲೆಕ್ಕ: 100 ಪೌಂಡಿನ ನೋಟಿಸನ್ನು 14 ದಿನದೊಳಗೆ ಕಟ್ಟಿದರೆ 60. ಆ 14 ದಿನದೊಳಗೇ ತಕರಾರು ಹಾಕಿದರೆ, ತಿರಸ್ಕಾರವಾದರೂ ರಿಯಾಯಿತಿ ಮತ್ತೆ ಸಿಗುತ್ತದೆ. ಮೇಲ್ಮನವಿಗೆ ಹೋದರೆ ರಿಯಾಯಿತಿ ಕೈಬಿಟ್ಟಂತೆ. ಆದ್ದರಿಂದ ಮೊದಲ ಹಂತದ ತಕರಾರು ಬಹುಪಾಲು ಎಲ್ಲರಿಗೂ ನಷ್ಟವಿಲ್ಲದ್ದು. ಎರಡನೆಯದಕ್ಕೆ ಕೈಯಲ್ಲಿ ಗಟ್ಟಿ ಕಾರಣ ಬೇಕು: ತಡವಾದ ನೋಟಿಸ್, ಕಾಣದ ಬೋರ್ಡು, ದುಡ್ಡು ಹಾಕಿದ ರಸೀದಿ. ಮಷಿನ್ನಿನಲ್ಲಿ ಕಾರಿನ ನಂಬರಿನ ಒಂದಕ್ಷರ ತಪ್ಪಿದ್ದರೆ, ಸೊನ್ನೆಯ ಬದಲು ‘ಓ’ ಒತ್ತಿದಂತೆ, ರಸೀದಿ ತೋರಿಸಿದರೆ ರದ್ದು ಮಾಡಬೇಕು. ಪೂರಾ ಬೇರೆ ನಂಬರು ಒತ್ತಿದ್ದರೆ 20 ಪೌಂಡಿಗೆ ಇಳಿಸುತ್ತಾರೆ. ಗಿರಾಕಿಯಾಗಿ ಹೋಗಿದ್ದ ಅಂಗಡಿಯ ಮ್ಯಾನೇಜರ್‌ಗೆ ಬಿಲ್ ತೋರಿಸಿ ರದ್ದು ಮಾಡಿಸಿ ಎಂದು ಕೇಳುವುದನ್ನೂ ಹಾಳೆಯಲ್ಲಿ ಸೇರಿಸಿ. ಎಷ್ಟೋ ಸಲ ಇದೇ ಹತ್ತಿರದ ದಾರಿ.

ಉತ್ತರ 2

ಮೇಲಿನದಕ್ಕೆ ಬಹುಮಟ್ಟಿಗೆ ಸಹಮತ. ‘ತಕರಾರು’ ಪದಕ್ಕೆ ಮಾತ್ರ ಸಣ್ಣ ಆಕ್ಷೇಪ: ಹಳೆ ಮೈಸೂರಿನ ಕಡೆ ಆಡುಮಾತಿನಲ್ಲಿ ಅದಕ್ಕೆ ಜಗಳದ ವಾಸನೆ ಇದೆ. ‘ಆಕ್ಷೇಪಣೆ’ ಇನ್ನೂ ತಣ್ಣಗಿದೆ. ಎರಡೂ ನಡೆಯುತ್ತವೆ.

ಹಾಳೆಯಲ್ಲಿ ಮಾದರಿ ವಾಕ್ಯ ಕೊಡುವುದಾದರೆ ಕ್ರಿಯಾಪದದ ಮೇಲೆ ಕಣ್ಣಿಡಿ. ಕನ್ನಡದಲ್ಲಿ ‘ಕಾರು ನಿಲ್ಲಿಸಿದ್ದೆ’ ಎಂದರೆ ‘ನಾನು’ ಎಂದು ಹೇಳದೆಯೂ ಓಡಿಸಿದ್ದು ನಾನೇ ಎಂದಾಯಿತು. ಹೀಗೆ ಯೋಚಿಸಿ ಇಂಗ್ಲಿಷಿಗೆ ತಂದಾಗ ಮೊದಲ ಸಾಲಿನಲ್ಲೇ ಚಾಲಕ ಯಾರೆಂಬುದು ಬಯಲಾಗುತ್ತದೆ. ನೋಟಿಸ್ ತಡವಾಗಿ ಬಂದಿದ್ದರೂ ಆಮೇಲೆ ಉಪಯೋಗವಿಲ್ಲ, ಕೀಪರ್ ಹೊಣೆಯ ಪ್ರಶ್ನೆಯೇ ಏಳುವುದಿಲ್ಲ. ‘ನಿಲ್ಲಿಸಲಾಗಿತ್ತು’ ಎಂದು ಕರ್ಮಣಿ ಮಾಡಬೇಕಾಗಿಯೂ ಇಲ್ಲ. ‘ಕಾರು ನಿಂತಿತ್ತು’, ‘ಓಡಿಸಿದವರಿಗೆ ಬೋರ್ಡು ಕಾಣುವಂತಿರಲಿಲ್ಲ’, ‘ಈ ವಾಹನದ ನೋಂದಾಯಿತ ಕೀಪರ್ ಆಗಿ ಬರೆಯುತ್ತಿದ್ದೇನೆ’ ಎಂದರೆ ಸಹಜವಾಗಿದೆ. ಸುಳ್ಳು ಹೇಳಬಾರದು. ಹೇಳಲೇಬೇಕಾದ ಕಟ್ಟುಪಾಡಿಲ್ಲದ್ದನ್ನು ಹೇಳದಿರುವುದು ಬೇರೆ.

ಕರಡಿನಲ್ಲಿ ‘ಡೆಟ್ ಕಲೆಕ್ಟರ್’, ‘ಬೇಲಿಫ್’ ಎರಡಕ್ಕೂ ‘ವಸೂಲಿಗಾರ’ ಎಂದಿದ್ದರೆ ಅದನ್ನೂ ಬೇರ್ಪಡಿಸಿ. ಮೊದಲನೆಯವರು ಪತ್ರ ಬರೆಯಬಲ್ಲರು, ಮೊತ್ತಕ್ಕೆ 70 ಪೌಂಡ್ ಸೇರಿಸಿ ಕೇಳಬಲ್ಲರು. ಜಪ್ತಿ ಮಾಡಲಾರರು. ಬೇಲಿಫ್ ನಮ್ಮ ಕೋರ್ಟಿನ ಅಮೀನರಂತೆ, ತೀರ್ಪಾದ ಮೇಲಷ್ಟೇ ಬರುವವರು. ನಡುವೆ ಎರಡು ಕಾಗದ ಬರುತ್ತವೆ, ಅವನ್ನು ಯಾವ ಕಾರಣಕ್ಕೂ ಬದಿಗಿಡಬಾರದು: ‘ಲೆಟರ್ ಬಿಫೋರ್ ಕ್ಲೇಮ್’, ಅಂದರೆ ದಾವೆ ಹೂಡುವ ಮುನ್ನ ಕಳಿಸುವ ಪತ್ರ, ಉತ್ತರಕ್ಕೆ 30 ದಿನ. ಆಮೇಲೆ ಕೌಂಟಿ ಕೋರ್ಟಿನ ಕ್ಲೇಮ್ ಫಾರ್ಮ್, ತಲುಪಿದ 14 ದಿನದೊಳಗೆ ಉತ್ತರ. ಫಾರ್ಮ್ ತಲುಪಿದೆ ಎಂದು ಆ 14 ದಿನದೊಳಗೆ ಕೋರ್ಟಿಗೆ ತಿಳಿಸಿದರೆ ಒಟ್ಟು 28. ಕ್ಲೇಮಿನಲ್ಲಿ ಕೋರ್ಟು ಶುಲ್ಕ 35, ವಕೀಲರ ವೆಚ್ಚ 50 ಪೌಂಡ್ ಸೇರಿರುತ್ತವೆ.

ಉತ್ತರ ಕೊಡದಿದ್ದರೆ ಆಗುವ ‘ಡಿಫಾಲ್ಟ್ ಜಡ್ಜ್‌ಮೆಂಟ್’ಗೆ ‘ಏಕಪಕ್ಷೀಯ ಡಿಕ್ರಿ’ ಎನ್ನಿ, ಊರಲ್ಲಿ ಜಮೀನು ವ್ಯಾಜ್ಯ ಕಂಡ ಯಾರಿಗಾದರೂ ಅರ್ಥವಾಗುತ್ತದೆ. ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ತೀರ್ಪುಗಳ ದಾಖಲೆಯಿಂದ ಹೋಗುತ್ತದೆ. ಇಲ್ಲದಿದ್ದರೆ 6 ವರ್ಷ ಉಳಿದು ಮನೆ ಸಾಲಕ್ಕೆ, ಬಾಡಿಗೆ ಮನೆಗೆ ಅಡ್ಡ ಬರುತ್ತದೆ. ಇದಕ್ಕೆ ಸಿಕ್ಕಿಬೀಳುವವರಲ್ಲಿ ಮನೆ ಬದಲಿಸಿ ವಿ5ಸಿಯ ವಿಳಾಸ ತಿದ್ದಿಸದವರೂ ಇರುತ್ತಾರೆ. ಲೈಸೆನ್ಸಿನ ವಿಳಾಸ ತಿದ್ದಿಸಿದರೆ ಇದು ತಾನಾಗಿ ಬದಲಾಗುವುದಿಲ್ಲ, ಎರಡನ್ನೂ ಬೇರೆ ಬೇರೆಯಾಗಿ ತಿದ್ದಿಸಬೇಕು. ಹಾಳೆಯಲ್ಲಿ ಈ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ.