ಬ್ಯಾಡ್ಜರ್ ಬ್ರಷ್ ತಂದೆ, ನೊರೆ ನಿಲ್ಲುತ್ತಿಲ್ಲ: ಕೋಲಾರದ ಕಟಿಂಗ್ ಶಾಪ್ ಅಣ್ಣನಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ, ಮಾಲೂರಿನಿಂದ:
ಅಣ್ಣಾ, ನಮಸ್ಕಾರ. ಇಷ್ಟು ದಿನ ನೈಲಾನ್ ಕೂದಲಿನ ಮಾಮೂಲಿ ಶೇವಿಂಗ್ ಬ್ರಷ್ ಇತ್ತು. ಮೊನ್ನೆ ಆನ್‌ಲೈನಲ್ಲಿ ಬ್ಯಾಡ್ಜರ್ ಅನ್ನುವ ಕಾಡುಪ್ರಾಣಿಯ ಕೂದಲಿನದು ತರಿಸಿದೆ. ಡಬ್ಬಿ ಮೇಲೆ ‘ಪ್ಯೂರ್ ಬ್ಯಾಡ್ಜರ್’ ಅಂತ ಬರೆದಿದೆ. ಹಿಡಿ ಚೆನ್ನಾಗಿದೆ, ಕೂದಲೂ ದಟ್ಟವಾಗಿದೆ. ಆದರೆ ನೀರು ಸೋಕಿದರೆ ಸಾಕು, ಪ್ರಾಣಿ ವಾಸನೆ ಹೊಡೆಯುತ್ತದೆ. ಕೂದಲೂ ಒಂದೊಂದಾಗಿ ಉದುರುತ್ತಿದೆ. ಎಲ್ಲಕ್ಕಿಂತ ಜಾಸ್ತಿ ಬೇಜಾರು ನೊರೆಯದು. ಬಟ್ಟಲಲ್ಲಿ ಗುಳ್ಳೆ ಗುಳ್ಳೆಯಾಗಿ ಚೆನ್ನಾಗೇ ಏಳುತ್ತದೆ, ಮುಖಕ್ಕೆ ಹಚ್ಚಿ ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಇನ್ನೊಂದು ಕೆನ್ನೆಯದು ಇಳಿದು ಒಣಗಿರುತ್ತದೆ. ಮನೆಗೆ ಬರುವುದು ಬೋರ್ ನೀರು. ಬ್ರಷ್ ವಾಪಸ್ ಕಳಿಸಲಾ?

ಉತ್ತರ:
ಈಗಲೇ ಕಳಿಸಬೇಡಿ. ವಾಪಸ್ ಮಾಡಲು ಕೊನೇ ದಿನ ಯಾವುದು ಅಂತ ಮಾತ್ರ ನೋಡಿಟ್ಟುಕೊಳ್ಳಿ. ನೀವು ಹೇಳಿದ್ದರಲ್ಲಿ ಬ್ರಷ್‌ನ ದೋಷ ನನಗೆ ಕಾಣುತ್ತಿಲ್ಲ.

ವಾಸನೆ ಹೊಸದರಲ್ಲಿ ಇದ್ದೇ ಇರುತ್ತದೆ, ಅದು ಪ್ರಾಣಿ ಕೂದಲು ತಾನೇ. ತಲೆಗೆ ಹಾಕುವ ಶಾಂಪೂ ಎರಡು ಹನಿ ಅಂಗೈಗೆ ಹಾಕಿಕೊಂಡು ಬ್ರಷ್ ತಿರುಗಿಸಿ ತೊಳೆಯಿರಿ. ಆಮೇಲೆ ಶೇವಿಂಗ್ ಸೋಪಿನಿಂದ ದಪ್ಪ ನೊರೆ ಮಾಡಿ, ಆ ನೊರೆ ಸಮೇತ ಒಂದೆರಡು ಗಂಟೆ ಹಾಗೇ ಬಿಟ್ಟು ತೊಳೆಯಿರಿ. ಬಳಸುತ್ತಾ ಬಳಸುತ್ತಾ ಹೋಗುತ್ತದೆ. ಕೂದಲು ಉದುರುವುದೂ ಮೊದಮೊದಲು ಸಹಜ. ಗಂಟು ಕಟ್ಟುವಾಗ ಬುಡದ ಅಂಟಿಗೆ ಸಿಗದೆ ಉಳಿದ ಕೂದಲು ಹಾಗೆ ಈಚೆ ಬರುತ್ತದೆ. ಒಂದು ಶೇವಿಂಗ್‌ಗೆ ನಾಲ್ಕೈದು ಬಂದರೆ ಚಿಂತೆ ಬೇಡ. ದಿನ ಕಳೆದಂತೆ ಕಡಿಮೆಯಾಗಬೇಕು. ಗೊಂಚಲಾಗಿ ಬಂದರೆ ಮಾತ್ರ ಅಂಟೇ ಸರಿಯಿಲ್ಲ ಅಂತ ಅರ್ಥ, ಆಗ ಯೋಚನೆ ಮಾಡದೆ ವಾಪಸ್ ಮಾಡಿ.

ಈಗ ನೊರೆ ವಿಷಯ. ಇದನ್ನು ನಮ್ಮ ಜಿಲ್ಲೆಯವರೆಲ್ಲ ತಿಳಿದುಕೊಳ್ಳಲೇಬೇಕು. ನಮಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿ ಕೊರೆದ ಬೋರ್‌ಗಳ ನೀರು ಕುಡಿದು ಬೆಳೆದವರು ನಾವು. ಆ ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುತ್ತದೆ. ಸೋಪು ಆ ನೀರಿಗೆ ಬಿದ್ದ ಕೂಡಲೇ ಅದರ ಒಂದು ಪಾಲು ಇವುಗಳ ಜೊತೆ ಸೇರಿ, ನೀರಲ್ಲಿ ಕರಗದ ಬಿಳಿ ಜಿಡ್ಡಾಗಿ ಬಿಡುತ್ತದೆ. ನೊರೆಗೆ ಉಳಿಯುವುದು ಮಿಕ್ಕಿದ್ದು ಮಾತ್ರ. ಬಕೆಟ್ ಅಂಚಿಗೆ, ಸ್ನಾನದ ಮನೆ ಟೈಲ್ಸಿಗೆ ಹಿಡಿಯುತ್ತದಲ್ಲ, ಅದೇ ಜಿಡ್ಡು. ಅದು ಬ್ರಷ್ ಬುಡದಲ್ಲೂ ಕೂರುತ್ತದೆ. ನಿಮ್ಮ ಹಳೇ ನೈಲಾನ್ ಬ್ರಷ್‌ನ ಕೂದಲು ಬಿಡಿಸಿ ಬುಡ ನೋಡಿ, ಬೂದಿ ಬಣ್ಣದ ಪದರ ಕಾಣಿಸಬಹುದು.

ಹಳೇ ಬ್ರಷ್‌ನಲ್ಲಿ ಇದು ಯಾಕೆ ಗೊತ್ತಾಗಲಿಲ್ಲ ಅಂತ ಕೇಳುತ್ತೀರಿ. ನೈಲಾನ್ ಎಳೆ ನೀರು ಕುಡಿಯುವುದಿಲ್ಲ. ಬ್ಯಾಡ್ಜರ್ ಕೂದಲು ತುಂಬಾ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದರ ಒಳ್ಳೇ ಗುಣವೇ ಅದು. ಆದರೆ ಹಿಡಿದಿಟ್ಟುಕೊಂಡಿದ್ದು ಗಡಸು ನೀರಾದರೆ ಬಟ್ಟಲಿಗೆ ಹೋಗುವುದೂ ಅದೇ. ಮೇಲಿಂದ ನೀವು ನೀರು ಝಾಡಿಸದೆ ಸೋಪಿಗೆ ಇಟ್ಟಿರುತ್ತೀರಿ ಅನಿಸುತ್ತದೆ. ದೊಡ್ಡ ಗುಳ್ಳೆ ಏಳುವುದು ನೀರು ಜಾಸ್ತಿ, ಸೋಪು ಕಡಿಮೆ ಆದಾಗ.

ಹೀಗೆ ಮಾಡಿ. ನಿಮ್ಮೂರ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುತ್ತೀರಲ್ಲ, ಅದರಲ್ಲಿ ಒಂದು ಲೋಟ ಸಾಕು. ಉಗುರು ಬೆಚ್ಚಗೆ ಮಾಡಿ ಬ್ರಷ್ ಎರಡು ನಿಮಿಷ ನೆನೆಸಿ. ಎತ್ತಿ, ಹನಿ ತೊಟ್ಟಿಕ್ಕುವುದು ನಿಲ್ಲುವವರೆಗೆ ಝಾಡಿಸಿ. ಸೋಪಿನ ಮೇಲೆ ಹಗುರವಾಗಿ ಸುಮಾರು ಒಂದು ನಿಮಿಷ ತಿರುಗಿಸಿ, ಅವಸರ ಬೇಡ. ಮೊದಲು ಅಂಟಂಟಾಗಿ ಬರುತ್ತದೆ. ಆಮೇಲೆ ಬೆರಳ ತುದಿಯಿಂದ ಎರಡು ಮೂರು ಹನಿ ನೀರು, ತಿರುಗಿಸಿ, ಮತ್ತೆ ಎರಡು ಹನಿ. ಗುಳ್ಳೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಮೇಲೆ ಹೊಳಪು ಬಂದು, ಗಟ್ಟಿ ಮೊಸರಿನ ಹಾಗೆ ಆಗಬೇಕು. ಒಂದು ಚಿಟಿಕೆ ಹೆಬ್ಬೆರಳು ತೋರುಬೆರಳ ಮಧ್ಯೆ ಉಜ್ಜಿ ನೋಡಿ. ಜಾರಿದರೆ ಸರಿ, ತಡೆದರೆ ಇನ್ನೆರಡು ಹನಿ ನೀರು ಬೇಕು.

ಮುಖಕ್ಕೆ ಹಚ್ಚುವಾಗ ಬ್ರಷ್ ಒತ್ತಬೇಡಿ. ಕೂದಲ ತುದಿಯಷ್ಟೇ ಕೆಲಸ ಮಾಡಬೇಕು. ಬುಡದ ತನಕ ಅದುಮಿ ಉಜ್ಜಿದರೆ ನಡುವೆ ಮುರಿಯುತ್ತದೆ.

ಪ್ರಶ್ನೆ, ಚಿಂತಾಮಣಿಯಿಂದ:
ಅಣ್ಣ, ಬೋರ್ ನೀರನ್ನೇ ಚೆನ್ನಾಗಿ ಕುದಿಸಿದರೆ ಆಗಲ್ವಾ? ಕ್ಯಾನ್ ನೀರು ಶೇವಿಂಗ್‌ಗೆ ಅಂದರೆ ಮನೆಯಲ್ಲಿ ಬೈತಾರೆ.

ಉತ್ತರ:
ಅರ್ಧ ಆಗುತ್ತದೆ. ಕುದಿಸಿದರೆ ಗಡಸುತನದ ಒಂದು ಭಾಗ ಪಾತ್ರೆ ತಳಕ್ಕೆ ಬಿಳಿ ಪೊರೆಯಾಗಿ ಕೂರುತ್ತದೆ. ಇನ್ನೊಂದು ಭಾಗ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಕುದಿಸಿ, ಆರಿಸಿ, ಮೇಲಿನ ತಿಳಿ ನೀರು ಬಗ್ಗಿಸಿಕೊಂಡರೆ ಮೊದಲಿಗಿಂತ ವಾಸಿ. ಮಳೆ ನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೇದು, ಅದು ಮೆದು ನೀರು. ನೆನಪಿಡಿ, ಮುಖ ತೊಳೆಯಲು, ಬ್ಲೇಡ್ ಅಲ್ಲಾಡಿಸಲು ನಲ್ಲಿ ನೀರೇ ಸಾಕು. ಒಳ್ಳೇ ನೀರು ಬೇಕಿರುವುದು ನೊರೆಗೆ ಮಾತ್ರ. ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಮಾತ್ರ ಬೇಡವೇ ಬೇಡ, ಅದು ಇನ್ನೂ ಗಡಸು.

ಕುದಿಯುವ ನೀರಲ್ಲಿ ಬ್ರಷ್ ಯಾವತ್ತೂ ಅದ್ದಬೇಡಿ. ಕೂದಲು ಹಾಳಾಗುತ್ತದೆ, ಬುಡದ ಅಂಟೂ ಸಡಿಲವಾಗಬಹುದು. ಕೈ ತಡೆಯದಷ್ಟು ಬಿಸಿ ಅಂದರೆ ಬ್ರಷ್‌ಗೂ ಜಾಸ್ತಿ.

ಪ್ರಶ್ನೆ, ಕೆಜಿಎಫ್‌ನಿಂದ:
ಅಣ್ಣಾ, ಅಪ್ಪನ ಹುಟ್ಟುಹಬ್ಬಕ್ಕೆ ಇಂಥದ್ದು ಕೊಡೋಣ ಅಂತಿದ್ದೆ. ಬ್ಯಾಡ್ಜರ್ ಅಂದರೆ ನಮ್ಮ ಕಾಡಿನ ತರಕರಡಿನಾ? ಕಾನೂನಿನ ತೊಂದರೆ ಇಲ್ವಾ? ಅಪ್ಪನಿಗೆ ಪ್ರಾಣಿ ಕೂದಲು ಅಂದರೆ ಸ್ವಲ್ಪ ಹಿಂಜರಿಕೆ ಬೇರೆ.

ಉತ್ತರ:
ಒಳ್ಳೇ ಪ್ರಶ್ನೆ ಕೇಳಿದೆಯಮ್ಮ. ನಮ್ಮ ತರಕರಡಿ ಬೇರೆ, ಇದು ಬೇರೆ ಪ್ರಾಣಿ. ಬ್ರಷ್‌ಗೆ ಬರುವ ಬ್ಯಾಡ್ಜರ್ ಕೂದಲು ಬಹುಪಾಲು ಚೀನಾದ್ದು. ಬ್ರಿಟನ್ನಿನಲ್ಲಿ ಬ್ಯಾಡ್ಜರ್ ರಕ್ಷಣೆಗೆ 1992ರ ಕಾಯ್ದೆಯೇ ಇದೆ. ನಮ್ಮ ತರಕರಡಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮುಂಗುಸಿಗೂ ಅದೇ ಕಾಯ್ದೆ. ಮುಂಗುಸಿ ಕೂದಲಿನ ಪೇಂಟಿಂಗ್ ಬ್ರಷ್‌ಗಳನ್ನು ಕದ್ದುಮುಚ್ಚಿ ಮಾರುತ್ತಾರೆ, ಅದು ಅಪರಾಧ. ಆದ್ದರಿಂದ ಯಾವ ಕೂದಲು, ಎಲ್ಲಿ ಮಾಡಿದ್ದು ಅಂತ ಬರೆಯದ ಬ್ರಷ್ ಎಷ್ಟೇ ಅಗ್ಗವಾಗಿದ್ದರೂ ತೆಗೆದುಕೊಳ್ಳಬೇಡ.

ಆದರೆ ನಿನ್ನ ಅಪ್ಪನಿಗೆ ಹಿಂಜರಿಕೆ ಇದ್ದರೆ ಬ್ಯಾಡ್ಜರ್ ಯಾಕೆ? ಪ್ರಾಣಿಯನ್ನು ಕೊಂದೇ ಆ ಕೂದಲು ತೆಗೆಯುವುದು, ಇದನ್ನು ಮುಚ್ಚಿಡುವುದು ಸರಿಯಲ್ಲ. ಈಗ ಸಿಂಥೆಟಿಕ್ ಎಳೆಯ ಒಳ್ಳೇ ಬ್ರಷ್ ಬರುತ್ತಿವೆ. ಹಳೇ ನೈಲಾನ್ ಥರ ಚುಚ್ಚುವುದಿಲ್ಲ. ಬೇಗ ಒಣಗುತ್ತವೆ, ವಾಸನೆ ಇಲ್ಲ, ಸೋಪೂ ಕಡಿಮೆ ಸಾಕು. ನಮ್ಮ ನೀರಿಗೆ ನನ್ನ ಆಯ್ಕೆ ಅದೇ. ಬ್ಯಾಡ್ಜರ್‌ನಲ್ಲಿ ಸಿಗುವ ಬೆಚ್ಚಗಿನ ಮೆತ್ತನೆ ಅನುಭವ ಅದರಲ್ಲಿ ಅಷ್ಟು ಸಿಗುವುದಿಲ್ಲ, ನಿಜ. ಅದು ಬೇಕು ಅನ್ನುವವರು ಬ್ಯಾಡ್ಜರ್ ಕೊಳ್ಳುತ್ತಾರೆ. ಅದರಲ್ಲೂ ಪ್ಯೂರ್, ಬೆಸ್ಟ್, ಸಿಲ್ವರ್‌ಟಿಪ್ ಅಂತ ದರ್ಜೆಗಳಿವೆ. ಪ್ಯೂರ್ ಅನ್ನುವುದು ಸಾಮಾನ್ಯವಾಗಿ ಕೆಳಗಿನ ದರ್ಜೆ, ಸ್ವಲ್ಪ ಒರಟು. ಇದಕ್ಕೆಲ್ಲ ಒಂದೇ ಅಳತೆಗೋಲು ಇಲ್ಲ, ಕಂಪನಿಯಿಂದ ಕಂಪನಿಗೆ ಬೇರೆ.

ಪ್ರಶ್ನೆ, ಮುಳಬಾಗಿಲಿನಿಂದ:
ನಿಮ್ಮ ಅಂಗಡಿಯಲ್ಲಿ ಗಿರಾಕಿಗಳಿಗೆ ಬ್ಯಾಡ್ಜರ್ ಬಳಸುತ್ತೀರಾ ಅಣ್ಣ?

ಉತ್ತರ:
ಇಲ್ಲ ಸರ್. ಪ್ರಾಣಿ ಕೂದಲಿನ ಬ್ರಷ್ ಒಬ್ಬರ ಮುಖಕ್ಕೆ ಮಾತ್ರ. ಹತ್ತು ಜನರ ಕೆನ್ನೆ ಮೇಲೆ ಒಂದೇ ಬ್ರಷ್ ಆಡಿದರೆ ಹುಳುಕಡ್ಡಿ, ಕೀವು ಗುಳ್ಳೆ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ದಟ್ಟ ಗಂಟಿನ ಒಳಗೆ ಔಷಧಿ ಪೂರ್ತಿ ಇಳಿಯುವುದು ಕಷ್ಟ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡ್, ಅಮೆರಿಕದಲ್ಲಿ ಶೇವಿಂಗ್ ಬ್ರಷ್‌ನಿಂದಲೇ ಆಂಥ್ರಾಕ್ಸ್ ಬಂದು ಜನ ಸತ್ತಿದ್ದಾರೆ. ಅದೇ, ನಮ್ಮಲ್ಲಿ ದನಗಳಿಗೆ ಬರುವ ನೆರಡಿ ರೋಗ. ಯುದ್ಧದಿಂದ ಒಳ್ಳೇ ಬ್ಯಾಡ್ಜರ್ ಕೂದಲು ಬರುವುದು ನಿಂತಿತು. ಕುದುರೆ ಕೂದಲಿಗೆ ಬಣ್ಣ ಕಟ್ಟಿ ಬ್ಯಾಡ್ಜರ್ ಥರ ಕಾಣಿಸಿ ಮಾರಿದರು, ಸರಿಯಾಗಿ ಶುದ್ಧ ಮಾಡಿರಲಿಲ್ಲ. ಗಡ್ಡ ಕೆರೆಯುವಾಗ ಆಗುವ ಸಣ್ಣ ಗಾಯದಲ್ಲಿ ರೋಗ ಒಳಗೆ ಹೋಯಿತು. ಈಗಿನ ಹೊಸ ಬ್ರಷ್‌ಗೆ ಆ ಭಯ ಬೇಡ. ಆದರೆ ಯಾರೋ ಬಳಸಿದ ಹಳೇ ಬ್ರಷ್, ಅಪರೂಪದ್ದು ಅಂತ ಕೊಂಡು ಮುಖಕ್ಕೆ ಹಾಕಬೇಡಿ. ಯಾವ ಅಂಗಡಿಗೆ ಹೋದರೂ ಬ್ಲೇಡ್ ಹೊಸದಾ ಅಂತ ಕೇಳುವ ಹಾಗೆ ಬ್ರಷ್ ಬಗ್ಗೆಯೂ ಕೇಳಿ. ಬೇಕಾದರೆ ನಿಮ್ಮ ಬ್ರಷ್ ನೀವೇ ತನ್ನಿ, ಅದರಲ್ಲಿ ಸಂಕೋಚ ಏನೂ ಇಲ್ಲ.

ಮತ್ತೆ ಮಾಲೂರಿನವರು:
ಅಣ್ಣಾ, ಕ್ಯಾನ್ ನೀರಲ್ಲಿ ಮಾಡಿ ನೋಡಿದೆ. ಅದೇ ಸೋಪು, ಅದೇ ಬ್ರಷ್, ನೊರೆ ಎರಡು ಸುತ್ತು ಶೇವಿಂಗ್ ಮುಗಿಯುವ ತನಕ ನಿಂತಿತು! ತುಂಬಾ ಥ್ಯಾಂಕ್ಸ್. ಆಗಲೇ ಬುಡದಲ್ಲಿ ಸ್ವಲ್ಪ ಜಿಡ್ಡು ಕೂತಿದೆ, ತೆಗೆಯುವುದು ಹೇಗೆ? ಒಣಗಿಸುವಾಗ ತಲೆಕೆಳಗಾಗಿ ನೇತು ಹಾಕಲೇಬೇಕಾ?

ಉತ್ತರ:
ಸಂತೋಷ. ಜಿಡ್ಡಿಗೆ ಅಡುಗೆ ಮನೆ ವಿನಿಗರ್ ಒಂದು ಪಾಲು, ನೀರು ಎಂಟು ಹತ್ತು ಪಾಲು ಬೆರೆಸಿ, ಕೂದಲಷ್ಟೇ ಮುಳುಗುವ ಹಾಗೆ ಐದು ನಿಮಿಷ ಹಿಡಿಯಿರಿ. ಹಿಡಿ ಮುಳುಗಿಸಬೇಡಿ. ಬೆರಳಲ್ಲಿ ಬುಡ ಬಿಡಿಸಿ, ಒಳ್ಳೇ ನೀರಲ್ಲಿ ತೊಳೆಯಿರಿ. ತಿಂಗಳಿಗೊಮ್ಮೆ ಸಾಕು. ನೇತು ಹಾಕಲೇಬೇಕು ಅಂತೇನಿಲ್ಲ. ಚೆನ್ನಾಗಿ ಝಾಡಿಸಿ, ಒಣ ಟವೆಲ್ ಮೇಲೆ ಹಿಂದೆ ಮುಂದೆ ಆಡಿಸಿ, ಗಾಳಿಯಾಡುವ ಕಡೆ ನಿಲ್ಲಿಸಿದರೂ ಒಣಗುತ್ತದೆ. ಸ್ನಾನದ ಮನೆಯೊಳಗೆ ಬೇಡ, ಡಬ್ಬಿಯಲ್ಲಿ ಮುಚ್ಚಿ ಇಡುವುದಂತೂ ಬೇಡವೇ ಬೇಡ, ಬೂಸ್ಟು ಹಿಡಿಯುತ್ತದೆ. ಬಿಸಿಲಿಗೂ ಇಡಬೇಡಿ, ಕೂದಲು ಪೆಡಸಾಗುತ್ತದೆ. ದಿನಾ ಶೇವಿಂಗ್ ಮಾಡುವವರಾದರೆ ಹಳೇ ಬ್ರಷ್ಷನ್ನೂ ಎಸೆಯಬೇಡಿ, ದಿನ ಬಿಟ್ಟು ದಿನ ಅದನ್ನು ಬಳಸಿದರೆ ಇದು ಪೂರ್ತಿ ಒಣಗಲು ಸಮಯ ಸಿಗುತ್ತದೆ.