ಸಹಾಯ ಬೇಕು: ಅಮ್ಮನೆದುರು ದಾಸರ ಪದ ಹಾಡುವವರು (ಡೊಂಬಿವಲಿ)

ನಮಸ್ಕಾರ. ನಮ್ಮಮ್ಮನಿಗೆ ಕ್ಯಾನ್ಸರ್. ಪರೇಲ್‌ನ ಟಾಟಾ ಆಸ್ಪತ್ರೆಯಲ್ಲಿ ಕೀಮೋ ನಡೆಯುತ್ತಿದೆ. ಉಳಿದ ದಿನ ಡೊಂಬಿವಲಿಯ ಮನೆಯಲ್ಲೇ ಇರುತ್ತಾರೆ. ಅಮ್ಮ ಗದಗಿನವರು, ಭೀಮಸೇನ ಜೋಶಿಯವರ ದಾಸವಾಣಿ ಅಂದ್ರೆ ಪ್ರಾಣ. ಜೋಶಿಯವರೂ ಅದೇ ಸೀಮೆಯವರು, ಅಲ್ವಾ?

ವಾಕರಿಕೆ ಜಾಸ್ತಿಯಾದಾಗ ಮೊಬೈಲಿನಲ್ಲಿ ಹಾಕುತ್ತೇವೆ. ಸೂಜಿ ಚುಚ್ಚಿದ ಕೈಯಲ್ಲೇ ಹಾಸಿಗೆ ತಟ್ಟಿ ತಾಳ ಹಾಕುತ್ತಾರೆ. ಹುಬ್ಬಿನ ಗಂಟು ಸಡಿಲವಾಗುತ್ತದೆ, ಉಸಿರು ನಿಧಾನವಾಗುತ್ತದೆ. ಸಂಗೀತದಿಂದ ಗಡ್ಡೆ ಕರಗಲ್ಲ, ಗೊತ್ತು. ಔಷಧಿ ಬಿಡುವ ಮಾತೇ ಇಲ್ಲ. ಆದರೆ ಆತಂಕ, ನೋವು ತಗ್ಗುವುದನ್ನು ಕಣ್ಣಾರೆ ನೋಡುತ್ತಿದ್ದೇವೆ.

ಈಗ ಅಮ್ಮನಿಗೆ ಎದುರಿಗೆ ಕೂತು ಹಾಡುವವರು ಬೇಕಂತೆ. "ನಡುನಡುವೆ ನಾನೂ ಒಂದು ಸಾಲು ಹೇಳ್ತೀನಿ" ಎನ್ನುತ್ತಾರೆ. ಠಾಣೆ, ಕಲ್ಯಾಣ ಕಡೆಯ ಭಜನಾ ಮಂಡಳಿಯವರು ಯಾರಾದರೂ ವಾರಕ್ಕೊಮ್ಮೆ ಅರ್ಧ ಗಂಟೆ ಬರಬಹುದಾ? ಹಾರ್ಮೋನಿಯಂ ಮನೆಯಲ್ಲಿದೆ. ದೊಡ್ಡ ಗಾಯಕರೇ ಆಗಬೇಕಿಲ್ಲ, ಪದ ಬಾಯಿಗೆ ಬಂದರೆ ಸಾಕು.

ಕೀಮೋದಿಂದ ಬಿಳಿ ರಕ್ತಕಣ ಕಡಿಮೆಯಾಗಿ ಸೋಂಕು ಬೇಗ ತಗಲುತ್ತದೆ. ಹಾಗಾಗಿ ಒಬ್ಬಿಬ್ಬರೇ ಬನ್ನಿ, ಕಿಟಕಿ ಹತ್ತಿರ ಸ್ವಲ್ಪ ದೂರ ಕೂತು ಹಾಡಬೇಕಾಗುತ್ತದೆ. ನೆಗಡಿ, ಕೆಮ್ಮು ಇದ್ದರೆ ಇನ್ನೊಂದು ದಿನ. ಹೋಗಿ ಬರುವ ಖರ್ಚು ನಮ್ಮದು. ದಯವಿಟ್ಟು ಇನ್‌ಬಾಕ್ಸ್‌ಗೆ ಬರೆಯಿರಿ.